ಒಂದು ಗೇಣು ಕಮ್ಮಿ

ಮಾರ್ಚ್ ೩, ಸೋಮವಾರ

ಸೇರೋದಿಲ್ಲ. ಮೊದಲೇ ಬರೆದಿಟ್ಟುಬಿಡ್ತೀನಿ, ಆಮೇಲೆ ನನ್ನ ತಲೆ ನಾನೇ ತಿನ್ನೋದು ಬೇಡ.

ಬೆಳಗ್ಗೆ ಅಣ್ಣನ ಮಗಳು ಅಂಗಡಿಗೆ ನುಗ್ಗಿ, ಅಂಟು ಮೆತ್ತಿದ ನನ್ನ ಕೈಗೇ ಫೋನ್ ತುರುಕಿದಳು. "ಅತ್ತೇ, ಮುಂದಿನ ಕೋರ್ಸ್ ಬಂದಿದೆ ನೋಡು. ಕಲಾ ಇತಿಹಾಸ, ಮೇಲಿನ ಹಂತ. ಎಲ್ಲಾ ಆನ್‌ಲೈನ್. ಬರೀ ಶನಿವಾರ ಮಧ್ಯಾಹ್ನ." ಹೋದ ವರ್ಷ ಮೊದಲ ಹಂತಕ್ಕೆ ನನ್ನ ಹೆಸರು ಕೊಟ್ಟವಳೂ ಇವಳೇ, ನನ್ನನ್ನೊಂದು ಮಾತು ಕೇಳದೆ. ಪಾಪ, ಹುಡುಗಿ ಆಸೆಪಟ್ಟಳಲ್ಲ ಅಂತ ಕೂತೆ. ಅಷ್ಟಕ್ಕೇ ನನಗೇನೋ ಹುಚ್ಚು ಹಿಡಿದಿದೆ ಅಂದ್ಕೊಂಡಿದಾಳೆ.

ಮೂವತ್ತು ವರ್ಷದಿಂದ ಚಿತ್ರಗಳಿಗೆ ಫ್ರೇಮು ಹಾಕ್ತಿರೋಳು ನಾನು. ಐವತ್ತೊಂದು ವಯಸ್ಸು. ಚಿತ್ರ ನೋಡೋದು ಹೇಗೆ ಅಂತ ನನಗೆ ಆ ಶಾಲಮ್ಮ ಹೇಳಿಕೊಡಬೇಕಂತೆ. ಶಾಲಮ್ಮ ಅಂದರೆ ಕೋರ್ಸಿನ ಟೀಚರ್. ಎಂಥಾ ಸೆಕೆಯಲ್ಲೂ ಹೆಗಲ ಮೇಲೊಂದು ಶಾಲು. "ಈ ಬಣ್ಣ ನಮ್ಮೊಂದಿಗೆ ಮಾತಾಡುತ್ತಿದೆ" ಅಂತಾಳೆ. ನನ್ನ ಹತ್ರ ಒಂದು ದಿನವೂ ಯಾವ ಬಣ್ಣವೂ ಮಾತಾಡಿಲ್ಲಪ್ಪ. ನನ್ನ ಮಟ್ಟಿಗೆ ಚಿತ್ರ ಅಂದರೆ ಉದ್ದ, ಅಗಲ, ದಪ್ಪ.

ಸೇರಬೇಕಾದರೆ ಒಂದು ಶರತ್ತು ಬೇರೆ. "ತೀರಾ ಹತ್ತಿರದಿಂದ ಬಲ್ಲ ಒಂದು ಚಿತ್ರದ ಬಗ್ಗೆ" ಒಂದು ಪುಟ ಬರೆದು ಕಳಿಸಬೇಕು, ಇಪ್ಪತ್ತೆರಡನೇ ತಾರೀಖಿನೊಳಗೆ.

ಅಣ್ಣ ಗಲ್ಲಾದ ಹಿಂದೆ ಗುಂಡುಕಲ್ಲಿನ ಹಾಗೆ ಕೂತು ಎಲ್ಲ ಕೇಳಿಸ್ಕೊಂಡ. "ಮಾಡೋಕೆ ಬೇರೆ ಕೆಲಸ ಇಲ್ವೇನೇ?" ಅಂದ. ಗರಗಸ ಮುಟ್ಟಿ ಹದಿನಾಲ್ಕು ವರ್ಷ ಆಯ್ತು ಇವನು. ಅಂಗಡಿಯ ಅಳತೆ, ಕೊಯ್ತ, ಮೊಳೆ, ಎಲ್ಲಾ ನನ್ನ ತಲೆಗೇ. ಇವನು ನನಗೆ ಕೆಲಸದ ಪಾಠ ಹೇಳ್ತಾನೆ.

ಮಾರ್ಚ್ ೫, ಬುಧವಾರ

ಅತ್ತಿಗೆಗೂ ಸುದ್ದಿ ಮುಟ್ಟಿದೆ. "ಓದಿ ಯಾರನ್ನ ಉದ್ಧಾರ ಮಾಡ್ಬೇಕಮ್ಮಾ?" ಅಂದರು. "ನಿಮ್ಮನ್ನಂತೂ ಅಲ್ಲ, ಗಾಬರಿ ಬೀಳಬೇಡಿ" ಅಂದೆ. ಸೊಸೆ ಬಂದ ಮೇಲೆ ಮೆತ್ತಗಾಗ್ತಾರೆ ಅಂದ್ಕೊಂಡಿದ್ದೆ, ಸೊಸೆಯೇ ಮೆತ್ತಗಾಗಿದಾಳೆ.

ಸೇರೋದಿಲ್ಲ ಅಂತ ಇವರ ಮುಂದೆ ಹೇಳೋಕೂ ಮನಸ್ಸಾಗಲಿಲ್ಲ. ಇವರು ಬೇಡ ಅಂದದ್ದಕ್ಕೆ ಬಿಟ್ಟೆ ಅಂತಾಗುತ್ತೆ.

ಮಾರ್ಚ್ ೮, ಶನಿವಾರ

ಮೇಲಿನ ಹಂತದ ರುಚಿ ತೋರಿಸೋಕೆ ಇವತ್ತೊಂದು ಉಚಿತ ಪಾಠ ಇಟ್ಟಿದ್ದರು. ಬಿಟ್ಟಿ ಬರೋದನ್ನ ಬೈಯೋದಕ್ಕಾದರೂ ಕೇಳಬೇಕು ಅಂತ ಊಟದ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಫೋನ್ ಒರಗಿಸಿಟ್ಟು, ತಟ್ಟೆ ಹಿಡ್ಕೊಂಡು ಕೂತೆ.

ಶಾಲಮ್ಮ ಒಂದು ಚಿತ್ರ ತೆರೆದಳು. ನಿಂತಿರೋ ಹೆಂಗಸು, ಹಿಂದೆ ನೀಲಿ ಗೋಡೆ, ಎರಡೂ ಕೈಯಲ್ಲಿ ಮಡಚಿದ ಹೊದಿಕೆ. ಬಾಯಿಗೆ ಎತ್ತಿದ್ದ ತುತ್ತು ತಟ್ಟೆಗೇ ಇಳಿಸಿದೆ.

"ಗಮನಿಸಿ," ಅಂದಳು ಶಾಲಮ್ಮ. "ಕಲಾವಿದೆ ಕಣಕಾಲಿನ ಹತ್ತಿರ ಚಿತ್ರವನ್ನ ನಿಲ್ಲಿಸಿಬಿಟ್ಟಿದ್ದಾರೆ. ಪಾದ ಇಲ್ಲ. ನೆಲವೇ ಇಲ್ಲ. ಈ ಹೆಂಗಸಿಗೆ ನಿಲ್ಲೋಕೆ ಜಾಗವಿಲ್ಲ, ಹೋಗೋಕೆ ದಾರಿಯಿಲ್ಲ. ಎಂಥ ಧೈರ್ಯದ ತೀರ್ಮಾನ ಇದು!" ಮೂರು ವಾರ ಇದೊಂದೇ ಚಿತ್ರದ ಮೇಲೆ ಪಾಠವಂತೆ. ಇದರ ಮೇಲೆ ಆಕೆ ಒಂದು ಪುಸ್ತಕವನ್ನೇ ಬರೆದಿದ್ದಾಳಂತೆ, ಅಚ್ಚಿನಲ್ಲಿದೆಯಂತೆ.

ಧೈರ್ಯವಂತೆ, ತೀರ್ಮಾನವಂತೆ! ಆ ಪಾದ ಕೊಯ್ದವಳು ನಾನು. ಇದೇ ಕೋಣೆಯಲ್ಲಿ, ಇದೇ ಮೇಜಿನ ಮೇಲೆ.

ಮೊದಲು ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಆಮೇಲೆ ಊಟ ಚೆಲ್ಲಿದೆ.

ಮಾರ್ಚ್ ೯, ಭಾನುವಾರ

ನಡೆದದ್ದು ಇಷ್ಟು. ಬರೆದರೆ ತಲೆ ಹಗುರಾಗುತ್ತೇನೋ.

ಹದಿನಾಲ್ಕು ವರ್ಷದ ಹಿಂದೆ ಒಬ್ಬ ಆ ಚಿತ್ರ ತಂದ. ಅವನ ಅಕ್ಕ ಬಿಡಿಸಿದ್ದಂತೆ, ತೀರಿಹೋಗಿದ್ದಳು. ಮ್ಯೂಸಿಯಂಗೆ ಕೊಡಬೇಕು, ಗಟ್ಟಿ ಫ್ರೇಮು ಬೇಕು ಅಂದ. ಅಣ್ಣನಿಗೆ ಆವತ್ತು ಮೈ ಕೆಂಡದ ಹಾಗೆ ಸುಡ್ತಿತ್ತು. ಜ್ವರದಲ್ಲೇ ಅಳತೆ ತಗೊಂಡು, ಚೀಟಿ ಬರೆದಿಟ್ಟು, ಮನೆಗೆ ಹೋಗಿ ಮಲಗಿದ. ಅಳತೆ ತಪ್ಪು ಬರೆದಿದ್ದ. ಚೀಟಿಯ ಪ್ರಕಾರ ನಾನು ಉದ್ದದ ಎರಡು ಪಟ್ಟಿ ಕೊಯ್ದೆ, ಚಿತ್ರಕ್ಕಿಂತ ಒಂದು ಗೇಣು ಕಮ್ಮಿ ಬಂತು. ದೂರದಿಂದ ತರಿಸಿದ ಮರ, ಬೇರೆ ಪಟ್ಟಿ ಇರಲಿಲ್ಲ. ಗಿರಾಕಿ ಮಾರನೇ ದಿನ ಬರೋನಿದ್ದ. ಏನು ಮಾಡಲಿ? ಫ್ರೇಮಿಗೆ ತಕ್ಕ ಹಾಗೆ ಚಿತ್ರ ಕೊಯ್ದೆ. ಕ್ಯಾನ್ವಾಸು ಬಿಚ್ಚಿ, ಅದನ್ನ ಬಿಗಿದಿದ್ದ ಕಟ್ಟಿಗೆ ಮೊಟಕು ಮಾಡಿ, ಮತ್ತೆ ಬಿಗಿದು ಮೊಳೆ ಹೊಡೆದೆ. ಆ ಮನುಷ್ಯ ಬಂದು ಫ್ರೇಮು ಸವರಿ "ಚೆನ್ನಾಗಿದೆ" ಅಂದ. ಚಿತ್ರದ ಕಡೆ ಕಣ್ಣೂ ಹಾಯಿಸಲಿಲ್ಲ. ಒಡಹುಟ್ಟಿದವನ ಯೋಗ್ಯತೆ ಅದು.

ಅಣ್ಣ ಚೇತರಿಸ್ಕೊಂಡು ಬಂದಾಗ ಮೆಲ್ಲಗೆ ಹೇಳಿದೆ, ನಿನ್ನ ಅಳತೆ ತಪ್ಪಿತ್ತು, ಯಾರಿಗೂ ತಿಳೀದ ಹಾಗೆ ಸರಿಮಾಡಿದೀನಿ ಅಂತ. ಅವನು ಮಾರನೇ ದಿನದಿಂದ ಅಳೆಯೋದು ಕೊಯ್ಯೋದು ಎರಡೂ ನನಗೆ ಬಿಟ್ಟು ಗಲ್ಲಾದಲ್ಲಿ ಕೂತ.

ಅವನ ಮಾನ ಕಾಪಾಡಿದವಳು ನಾನು. ಇವತ್ತಿಗೂ ಒಂದು ಒಳ್ಳೆ ಮಾತಿಲ್ಲ ಅವನ ಬಾಯಲ್ಲಿ.

ಮಾರ್ಚ್ ೧೨, ಬುಧವಾರ

ಜಗಳ. ಒಬ್ಬಳು ಕೆರೆಯ ಚಿತ್ರ ತಂದು, ಸೋಫಾದ ಮೇಲಿನ ಜಾಗಕ್ಕೆ ಕೂರೋಲ್ಲ, ಬಲಗಡೆ ನಾಲ್ಕು ಬೆರಳು ಕೊಯ್ದು ಫ್ರೇಮು ಹಾಕಿ ಅಂದಳು. ಬಲಗಡೆ ಒಂದು ದೋಣಿ ಇದೆ. ಸಣ್ಣದು, ಅರ್ಧ ಜೊಂಡಿನಲ್ಲಿ ಮುಚ್ಚಿಹೋಗಿದೆ, ಹುಟ್ಟು ಹಾಕೋನ ಬೆನ್ನು ಮಾತ್ರ ಕಾಣುತ್ತೆ. ಅದಿಲ್ಲದಿದ್ದರೆ ಆ ಕೆರೆಯಲ್ಲಿ ಯಾರೂ ಇಲ್ಲ.

"ಕೊಯ್ಯೋಲ್ಲ" ಅಂದೆ.

"ಚಿತ್ರ ನಂದು ಕಣ್ರೀ."

"ಚಾಕು ನಂದು. ಸೋಫಾ ಬೇಕಾದ್ರೆ ತಂದುಕೊಡಿ, ಕೊಯ್ದುಕೊಡ್ತೀನಿ."

ಬಾಯಿಗೆ ಬಂದ ಹಾಗೆ ಅಂದು ಹೋದಳು. ಅಣ್ಣ ಮುಖ ಕೆಂಪು ಮಾಡ್ಕೊಂಡು, "ಬಂದ ಗಿರಾಕೀನ ಓಡಿಸೋಕೆ ಆ ಕೋರ್ಸಲ್ಲಿ ಕಲಿಸ್ತಾರೇನೇ?" ಅಂದ. ಕೋರ್ಸಿಗೂ ಇದಕ್ಕೂ ಏನು ಸಂಬಂಧ? ನನಗೆ ಆ ಹೆಂಗಸಿನ ಮುಖವೇ ಸೇರಲಿಲ್ಲ, ಅಷ್ಟೇ.

ಮಾರ್ಚ್ ೧೫, ಶನಿವಾರ

ಅಂಗಡಿಗೆ ಅರ್ಧ ದಿನ ಚಕ್ಕರ್ ಹಾಕಿ ಮ್ಯೂಸಿಯಂಗೆ ಹೋಗಿದ್ದೆ. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಕಾಲಿಟ್ಟಿರಲಿಲ್ಲ.

ಮೇಲಿನ ಅಂತಸ್ತಿನ ಕೊನೇ ಕೋಣೆ. ನನ್ನ ಫ್ರೇಮು ಇನ್ನೂ ಗಟ್ಟಿಯಾಗಿದೆ, ಮೂಲೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಪಕ್ಕದ ಫಲಕದಲ್ಲಿ "ನೆಲವಿಲ್ಲದವಳು" ಅಂತ ಬರೆದಿದ್ದಾರೆ. ಅದು ಕಲಾವಿದೆ ಇಟ್ಟ ಹೆಸರಲ್ಲ, ಇವರು ಕಟ್ಟಿದ್ದು. ಒಬ್ಬ ತನ್ನ ಜೊತೆಗಾತಿಗೆ ಅದನ್ನ ಗಟ್ಟಿಯಾಗಿ ಓದಿಹೇಳಿ "ಅಬ್ಬಾ, ಎಂಥಾ ನೋವು ಅಲ್ವಾ?" ಅಂದ. ಕಪಾಳಕ್ಕೆ ಬಿಡಬೇಕು ಅನ್ನಿಸಿತು.

ನೋವಂತೆ. ಅವಳ ಕಾಲಲ್ಲಿ ಚಪ್ಪಲಿ ಇತ್ತು. ಗಂಡಸಿನ ಚಪ್ಪಲಿ, ಕಂದು ಬಣ್ಣ, ಅವಳ ಪಾದಕ್ಕೆ ಎರಡು ಬೆರಳು ದೊಡ್ಡದು. ಬಾಗಿಲಲ್ಲಿ ಕಾಲಿಗೆ ಸಿಕ್ಕಿದ್ದು ಮೆಟ್ಟಿದ್ದಳು. ಬಲಗಾಲಿನ ಹಿಮ್ಮಡಿ ಎದ್ದಿತ್ತು, ಚಪ್ಪಲಿಯಿಂದ ಬಿಟ್ಟುಕೊಂಡು. ಹೆಬ್ಬೆರಳು ಚಪ್ಪಲಿಯನ್ನ ಗಟ್ಟಿಯಾಗಿ ಹಿಡಿದಿತ್ತು. ಕೆಳಗೆ ಕೆಂಪು ನೆಲ, ನೆಲದ ಮೇಲೆ ಹೊರಗಿನ ಬಿಸಿಲಿನ ಒಂದು ಪಟ್ಟಿ. ಅವಳಿಗೆ ದಾರಿಯಿಲ್ಲ ಅನ್ನೋರ ಬಾಯಿಗೆ ಮಣ್ಣು ಹಾಕ. ಅವಳು ಹೊರಟಿದ್ದಳು! ಹೊದಿಕೆ ಮಡಚಿದ್ದಾಗಿತ್ತು, ಅದನ್ನ ಇಡೋದೊಂದೇ ಬಾಕಿ.

ಹೊರಟವಳನ್ನ ತಡೆದು ನಿಲ್ಲಿಸಿದವಳು ನಾನು.

ಒಂದೂಕಾಲು ಗಂಟೆ ನಿಂತಿದ್ದೆನಂತೆ. ಕಾವಲಿನವಳು ಬಂದು "ಕುರ್ಚಿ ಬೇಕಾ?" ಅಂತ ಕೇಳಿದಳು. ಅವಳ ಗಡಿಯಾರವೇ ಕೆಟ್ಟಿರಬೇಕು.

ಮಾರ್ಚ್ ೧೮, ಮಂಗಳವಾರ

ಪುಟ ಬರೆಯೋಕೆ ಕೂತೆ. ಸೇರೋಕಲ್ಲ. ಆ ಶಾಲಮ್ಮನ ಜಂಬ ಇಳಿಸೋಕೆ.

ಚೆನ್ನಾಗೇ ಬಂತು. ಗೋಡೆಯ ನೀಲಿ ಎಡಗಡೆ ತಣ್ಣಗೆ, ಬಲಗಡೆ ಬೆಚ್ಚಗೆ ಯಾಕಿದೆ ಅಂತ ಬರೆದೆ: ಬಲಗಡೆ ಬಾಗಿಲು ತೆರೆದಿದೆ, ಆ ಬಿಸಿಲೇ ಕೆಳಗೆ ನೆಲದ ಮೇಲೂ ಬಿದ್ದಿತ್ತು. ಹೊದಿಕೆಯ ಮಡಿಕೆಗಳ ಬಗ್ಗೆ ಬರೆದೆ. ಪಾದ ಹೋದ ಕಥೆಗೆ ಬಂದೆ. "ಅಳತೆ ತೆಗೆದವನು ನನ್ನ ಅಣ್ಣ. ಅವನು ತಪ್ಪು ಬರೆದಿದ್ದರಿಂದ" ಅಂತ ಬರೆದು ಮುಂದಕ್ಕೆ ಹೋಗೋಕೇ ಆಗಲಿಲ್ಲ. ಪೆನ್ನು ಮುಚ್ಚಿಟ್ಟೆ.

ಮಾರ್ಚ್ ೧೯, ಬುಧವಾರ

ಚೀಟಿ ಸರಿಯಾಗಿತ್ತು.

ಈ ಪುಸ್ತಕದಲ್ಲಿ ಕೂಡ ಸುಳ್ಳು ಬರೆದಿದೀನಿ, ಹತ್ತು ದಿನದ ಹಿಂದೆ, ನನ್ನ ಕಣ್ಣಲ್ಲದೆ ಇನ್ನೊಬ್ಬರ ಕಣ್ಣು ಬೀಳದ ಪುಸ್ತಕದಲ್ಲಿ. ನಾಚಿಕೆಗೇಡು.

ಪಟ್ಟಿಯ ಒಳಗಂಚಿನಲ್ಲಿ, ಚಿತ್ರ ಕೂರೋ ಬದಿಗೆ, ಹಾಕಬೇಕಾದ ಅಳತೆಯ ಗುರುತನ್ನ ನಾನು ಹೊರಗಂಚಿನಲ್ಲಿ ಹಾಕಿದ್ದೆ. ಈ ಕೆಲಸಕ್ಕೆ ಬಂದ ಮೊದಲ ವಾರದಲ್ಲಿ ಮಾಡೋ ತಪ್ಪು ಅದು. ಮರ ನಾಲ್ಕಿಂಚು ಅಗಲ. ಮೇಲೆ ನಾಲ್ಕು, ಕೆಳಗೆ ನಾಲ್ಕು, ಚಿತ್ರ ಕೂರೋ ಜಾಗ ಎಂಟಿಂಚು ಕಮ್ಮಿಯಾಯ್ತು. ಹದಿನಾರು ವರ್ಷ ಕೈ ಪಳಗಿದವಳು, ಏನೋ ಯೋಚನೆಯಲ್ಲಿ ಕೊಯ್ದುಬಿಟ್ಟೆ. ಚೀಟಿ ಹರಿದು ಅಂಟು ಕಾಯಿಸೋ ಒಲೆಗೆ ಹಾಕಿದೆ.

ಯಾಕೆ ಅಂತ ಕೇಳಿದರೆ ಭಯ ಅನ್ನಬಹುದಿತ್ತು. ಬರೀ ಭಯ ಅಲ್ಲ. ಊರೆಲ್ಲ "ನಿಮ್ಮಣ್ಣನ ಅಳತೆ ಅಂದ್ರೆ ಅಳತೆ" ಅನ್ನೋರು. ಬಂದೋರೆಲ್ಲ ನನ್ನ ಮುಂದೆ ನಿಂತು "ಅಣ್ಣ ಇಲ್ವಾ?" ಅಂತ ಕೇಳೋರು. ಅವನದೂ ಒಂದು ಸಲ ತಪ್ಪಲಿ ಅಂತ ಹೊಟ್ಟೆಕಿಚ್ಚಿತ್ತು ನನಗೆ. ಒಂದೇ ಒಂದು ಸಲ ಅಂದ್ಕೊಂಡಿದ್ದೆ. ಅವನು ಗರಗಸವನ್ನೇ ಕೆಳಗಿಡ್ತಾನೆ ಅಂತ ನನಗೇನು ಗೊತ್ತಿತ್ತು? ಗೊತ್ತಾದ ಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಗಿರಾಕಿಗಳು ನನ್ನನ್ನ ಕೇಳೋಕೆ ಶುರುಮಾಡಿದ್ದರು.

ಮಾರ್ಚ್ ೨೦, ಗುರುವಾರ

ಹೇಳಿದೆ. ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ.

"ಅಣ್ಣಾ, ಆ ಚೀಟಿ ಸರಿಯಾಗಿತ್ತು."

ಯಾವ ಚೀಟಿ ಅಂತ ಅವನು ಕೇಳಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಅರವತ್ತೆರಡು ಇಂಚು ಬರೆದಿದ್ದೆ. ಅಲ್ವಾ?"

"ಹೌದು."

"ಹದಿನಾಲ್ಕು ವರ್ಷದಿಂದ ನೆನಪು ಮಾಡ್ಕೋತಾ ಇದೀನಿ ಕಣೇ. ಎಷ್ಟು ಸಲ ನೆನೆದ್ರೂ ಅರವತ್ತೆರಡು ಅಂತಲೇ ಬರೋದು. ಕೈಯ ಜೊತೆ ತಲೇನೂ ಹೋಯ್ತು ಅಂದ್ಕೊಂಡೆ."

ತಪ್ಪಾಯ್ತು ಅಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಎದ್ದ, ತೂರಾಡಿದ, ಹಿಡ್ಕೊಳ್ಳೋಕೆ ಹೋದ ನನ್ನ ಕೈ ಕೊಡವಿದ. "ಮುಟ್ಟಬೇಡ. ನಿನ್ನ ಋಣದಲ್ಲಿದೀನಿ ಅಂತ ನೀನು ಅಂದದ್ದೆಲ್ಲ ನುಂಗ್ಕೊಂಡು ಕೂತಿದ್ದೆನಲ್ಲೇ. ಥೂ!" ಅಂದು ಹೊರಟುಹೋದ.

ನುಂಗ್ಕೊಂಡದ್ದು ನಿಜ. ನಾನು ಅವನನ್ನ ಗುಂಡುಕಲ್ಲು ಅಂದಿದ್ದು ಈ ಪುಸ್ತಕದಲ್ಲಿ ಮಾತ್ರ ಅಲ್ಲ.

ಮಾರ್ಚ್ ೨೨, ಶನಿವಾರ

ಅಣ್ಣ ಎರಡು ದಿನದಿಂದ ಅಂಗಡಿಗೆ ಬಂದಿಲ್ಲ. ಮನೆಗೆ ಹೋದರೆ ಅತ್ತಿಗೆ ಬಾಗಿಲಲ್ಲೇ ನಿಂತು, "ಇನ್ನೇನು ಉಳಿದಿದೆ ಅಂತ ಬಂದೆ?" ಅಂದರು. ಅವರ ಬಾಯಿಗೆ ನನ್ನ ಹತ್ರ ಯಾವತ್ತೂ ಉತ್ತರ ಇರ್ತಿತ್ತು. ಇವತ್ತು ತಲೆ ತಗ್ಗಿಸ್ಕೊಂಡು ವಾಪಸ್ ಬಂದೆ.

ಪುಟ ತಿದ್ದಿ ಬರೆದೆ. ಗುರುತು ಎಲ್ಲಿ ತಪ್ಪಿ ಹಾಕಿದೆ, ಯಾವ ಚಾಕುವಿನಲ್ಲಿ ಕೊಯ್ದೆ, ಎಲ್ಲಾ. ಕೊನೆಯಲ್ಲಿ ಅರ್ಜಿಯ ಜಾಗಕ್ಕೆ ಸಹಿ ಹಾಕಿ ಕಳಿಸಿದೆ. ಕೊನೇ ದಿನವಾದ್ದರಿಂದ ಕಳಿಸಿದೆ, ಬೇರೇನಿಲ್ಲ.

ಮಾರ್ಚ್ ೨೪, ಸೋಮವಾರ

ಶಾಲಮ್ಮನೇ ಫೋನ್ ಮಾಡಿದಳು. ಜೇನು ಸವರಿದ ದನಿ.

"ನಿಮ್ಮ ಬರವಣಿಗೆ ಬಹಳ ಚೆನ್ನಾಗಿದೆ ಮೇಡಂ. ಆ ನೀಲಿಯ ವಿಷಯ ನಾನೇ ಗಮನಿಸಿರಲಿಲ್ಲ. ನಿಮಗೆ ಕೋರ್ಸಿನಲ್ಲಿ ಜಾಗ ಕೊಡ್ತೀನಿ. ಆದರೆ ಚಿತ್ರ ಬೇರೆ ಆರಿಸ್ಕೊಳ್ಳಿ."

"ಯಾಕೆ?"

"ನೋಡಿ, ನೀವು ಹೇಳೋದಕ್ಕೆ ಸಾಕ್ಷಿ ಏನಿದೆ? ನೆನಪು ಅನ್ನೋದು ಮೋಸ ಮಾಡುತ್ತೆ. ನನ್ನ ಪುಸ್ತಕ ಅಚ್ಚಿನಲ್ಲಿದೆ."

"ಚಿತ್ರ ಇಳಿಸಿ ಬೆನ್ನು ನೋಡಿ," ಅಂದೆ. "ನಮ್ಮ ಅಂಗಡಿಯಲ್ಲಿ ಕೊಯ್ದ ಕ್ಯಾನ್ವಾಸು ಬಿಸಾಡೋದಿಲ್ಲ. ಸುತ್ತಿ, ಫ್ರೇಮಿಗೂ ಕಟ್ಟಿಗೆಗೂ ನಡುವೆ ತುರುಕ್ತೀವಿ, ಚಿತ್ರ ಗಡಗಡ ಅನ್ನದಿರಲಿ ಅಂತ. ಅವಳ ಪಾದ ಅವಳ ಬೆನ್ನ ಹಿಂದೇನೇ ಇದೆ. ಇಷ್ಟು ವರ್ಷ ಅದರ ಮುಖ ನೋಡ್ಕೊಂಡು ಪುಸ್ತಕ ಬರೆದ್ರಲ್ಲ, ಒಂದು ದಿನ ತಿರುಗಿಸಿ ನೋಡೋಕೆ ಆಗಲಿಲ್ವಾ?"

ಆಕೆ ಜೇನು ಒಣಗಿದ ದನಿಯಲ್ಲಿ, "ಅಂಗಡಿಯವರ ಮಾತು ಕೇಳಿ ಮ್ಯೂಸಿಯಂನವರು ಚಿತ್ರ ಬಿಚ್ಚೋದಿಲ್ಲ. ಜಾಗ ಇದೆ. ಬೇಕಾದ್ರೆ ಸುಮ್ಮನೆ ಬನ್ನಿ," ಅಂದಳು.

ಸುಮ್ಮನೆ ಇದ್ದದ್ದು ಸಾಕಾಗಿದೆ ತಾಯಿ. ಹಾಗಂತ ಅವಳಿಗೆ ಹೇಳಲಿಲ್ಲ, ಬರ್ತೀನಿ ಅಂದೆ.

ಮಾರ್ಚ್ ೨೯, ಶನಿವಾರ

ಮೊದಲ ಪಾಠ. ಫೋನಿನಲ್ಲಿ ಮೂವತ್ತೊಂದು ಮುಖ, ಒಂದೊಂದೂ ಅಂಚೆಚೀಟಿಯಷ್ಟು. ಒಬ್ಬೊಬ್ಬರೇ ತಾವು ಯಾರು, ಯಾಕೆ ಬಂದದ್ದು ಹೇಳಬೇಕು. ಒಬ್ಬ ಡಾಕ್ಟರಂತೆ, ಒಬ್ಬಳು ಅರಮನೆಗಳನ್ನ ನೋಡಿ ಬಂದವಳಂತೆ. ನನ್ನ ಸರದಿ ಬರೋ ಹೊತ್ತಿಗೆ ಕೋಪದಲ್ಲಿ ಸೇರಿದವಳಿಗೆ ಕೋಪವೇ ಕೈಕೊಟ್ಟಿತು.

"ನಾನು ಫ್ರೇಮು ಹಾಕೋಳು," ಅಂದೆ. "ನಿಮಗೆ ಮೂರು ವಾರ ಪಾಠ ಮಾಡ್ತಾರಲ್ಲ, ಆ ಚಿತ್ರದ ಪಾದ ಕೊಯ್ದವಳು. ಕಲಾವಿದೆ ಬಿಟ್ಟಿದ್ದಲ್ಲ ಅದು. ಅಳತೆ ತಪ್ಪಿತ್ತು. ತಪ್ಪಿದ್ದು ನನ್ನ ಅಳತೆ, ನಮ್ಮಣ್ಣಂದಲ್ಲ. ಅವನ ಅಳತೆ ಯಾವತ್ತೂ ತಪ್ಪಿಲ್ಲ."

"ಈ ವಿಷಯ ಆಮೇಲೆ," ಅಂತ ಶಾಲಮ್ಮ ನನ್ನ ದನಿ ಬಂದ್ ಮಾಡಿದಳು. ನಾನು ಬಾಯಿ ಆಡಿಸ್ತಾನೇ ಇದ್ದೆ, ಯಾರಿಗೂ ಕೇಳ್ತಿರಲಿಲ್ಲ. ಆಗ ಆ ಡಾಕ್ಟರ್, ತಲೆಯಲ್ಲಿ ಒಂದು ಕೂದಲಿಲ್ಲದ ಮುದುಕ, "ಒಂದು ನಿಮಿಷ ಟೀಚರ್. ಪಾದ ಹೇಗಿತ್ತು ಅಂತ ಕೇಳ್ಬೇಕು," ಅಂದರು. ಇನ್ನೊಬ್ಬಳು "ನನಗೂ" ಅಂದಳು. ಮತ್ತೊಬ್ಬ. ಶಾಲಮ್ಮ ಶಾಲು ಎಳ್ಕೊಂಡು ನನ್ನ ದನಿ ಬಿಟ್ಟಳು.

ಹೇಳಿದೆ. ಚಪ್ಪಲಿ, ಹಿಮ್ಮಡಿ, ಹೆಬ್ಬೆರಳು, ಕೆಂಪು ನೆಲ, ಬಿಸಿಲು. ಎಷ್ಟು ಹೊತ್ತು ಹೇಳಿದೆನೋ ಗೊತ್ತಿಲ್ಲ. ಮುಗಿದಾಗ ಶಾಲಮ್ಮನ ಮುಖ ಬಿಳಿಚಿತ್ತು. "ಹಾಗಾದ್ರೆ ಅವಳು ಹೊರಟಿದ್ದಳು," ಅಂದಳು, ಯಾರಿಗೂ ಅಲ್ಲದ ಹಾಗೆ. ಮೊದಲ ಸಲ ಆಕೆ ಒಂದು ಸರಿಯಾದ ಮಾತಾಡಿದ್ದು ಕೇಳಿದೆ.

ಏಪ್ರಿಲ್ ೧, ಮಂಗಳವಾರ

ಅಣ್ಣ ಬಂದಿಲ್ಲ. ಅವನ ಮಗಳೂ ಮುಖ ತಿರುಗಿಸ್ಕೊಂಡು ಓಡಾಡ್ತಾಳೆ. ಮೊನ್ನೆ ಪಾಠದಲ್ಲಿ ನಾನು ಹೇಳಿದ್ದನ್ನ ಇವರಿಗೆ ಯಾರು ಹೇಳ್ತಾರೆ? ನಾನಂತೂ ಹೇಳೋಲ್ಲ. ಹೇಳಿದರೆ ಅದಕ್ಕೊಂದು ಪ್ರತಿಫಲ ಕೇಳಿದ ಹಾಗಾಗುತ್ತೆ.

ಇವತ್ತು ಮೂರು ಫ್ರೇಮು. ಪ್ರತಿ ಗುರುತನ್ನೂ ಎರಡೆರಡು ಸಲ ನೋಡಿದೆ.

ಏಪ್ರಿಲ್ ೪, ಶುಕ್ರವಾರ

ಬೆಳಗ್ಗೆ ಬಾಗಿಲು ತೆರೆಯೋ ಹೊತ್ತಿಗೆ ಅಣ್ಣ ಬಂದ. ನನ್ನನ್ನ ನೋಡಲಿಲ್ಲ, ಗಲ್ಲಾದಲ್ಲಿ ಕೂತ. ಟೀ ತಂದಿಟ್ಟೆ, ಕುಡಿಯಲಿಲ್ಲ. ಮಧ್ಯಾಹ್ನದವರೆಗೆ ನಾನು ಮೊಳೆ ಹೊಡೀತಾನೇ ಇದ್ದೆ. ಅವನು ಬೈದಿದ್ದರೆ ವಾಸಿಯಿತ್ತು.

ಮೂರು ಗಂಟೆಗೆ ಫೋನ್ ಬಂತು. ಅಣ್ಣನೇ ಎತ್ತಿದ. ಮ್ಯೂಸಿಯಂನವರು. ಫೋನ್ ಹಳೇದು, ಆ ಕಡೆಯವರ ಮಾತು ನನ್ನ ಮೇಜಿನವರೆಗೂ ಕೇಳ್ತಿತ್ತು. ಟೀಚರ್ ಒತ್ತಾಯ ಮಾಡಿದ್ದಕ್ಕೆ ಚಿತ್ರ ಇಳಿಸಿದ್ದರಂತೆ. ಬೆನ್ನ ಹಲಗೆ ಬಿಚ್ಚಿದಾಗ ಸುತ್ತಿದ ಕ್ಯಾನ್ವಾಸು ಸಿಕ್ಕಿತಂತೆ. ಬಣ್ಣ ಅಲ್ಲಲ್ಲಿ ಉದುರಿದೆ, ಆದರೆ ಎರಡೂ ಪಾದ ಇವೆಯಂತೆ. ಅದನ್ನ ಮತ್ತೆ ಸೇರಿಸ್ತಾರಂತೆ. ಈಗ ಫ್ರೇಮು ಸಾಲೋದಿಲ್ಲ, ಹೊಸದು ಬೇಕು. "ಅದನ್ನ ಕೊಯ್ದವರು ನಿಮ್ಮಲ್ಲೇ ಇದ್ದಾರಂತಲ್ಲ, ಮೂವತ್ತು ಜನರ ಮುಂದೆ ಒಪ್ಕೊಂಡ್ರಂತೆ, ತಪ್ಪು ತಮ್ಮದು, ಅಣ್ಣಂದಲ್ಲ ಅಂತ. ಅವರನ್ನೇ ಕಳಿಸ್ತೀರಾ?"

ಅಣ್ಣ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕ್ಕೊಂಡ. ನಾನು ಸುತ್ತಿಗೆ ಹಿಡ್ಕೊಂಡು ಹಾಗೇ ನಿಂತಿದ್ದೆ.

"ಬರ್ತಾಳೆ," ಅಂದ. "ಆದ್ರೆ ಅಳತೆ ತಗೊಳ್ಳೋದು ನಾನು."